ಒಂದೂವರೆ ಹಿಡಿ ಉಪ್ಪು

ಶಿವರಾತ್ರಿ ಕಳೆಯಿತು ಅಂದರೆ ನಮ್ಮ ಮನೆಯಲ್ಲಿ ಯುಗಾದಿ ಅಡುಗೆಯ ಮಾತು ಶುರು. ಶುರು ಮಾಡುವವರು ನಮ್ಮತ್ತೆ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಎದುರಿಗೆ ಯಾರಿದ್ದಾರೆ ಯಾರಿಲ್ಲ ಎಂದೂ ನೋಡದೆ, ಈ ಸಲ ತೊಗರಿಬೇಳೆ ಎಲ್ಲಿಂದ ತರಬೇಕು, ಬೆಲ್ಲ ಅಚ್ಚಿನದೋ ಉಂಡೆಯದೋ, ಮಾವಿನಕಾಯಿಗೆ ಚಿತ್ರಾನ್ನಕ್ಕಾಗುವಷ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಹೇಳುತ್ತಾ ಹೋಗುತ್ತಾರೆ. ಬುಕ್ಕಾಪಟ್ಟಣದ ಕಡೆಯ ನಮ್ಮೂರಿನಲ್ಲಿ ಆ ಹೊತ್ತಿಗೆ ಹೊಲದಲ್ಲಿ ಏನೂ ಇರುವುದಿಲ್ಲ. ಗಂಡಸರು ಮರದ ಕೆಳಗೆ ಸೇರುತ್ತಾರೆ, ಹೆಂಗಸರು ಹಬ್ಬದ ಅಡುಗೆಯನ್ನು ತಲೆಯಲ್ಲೇ ನಾಲ್ಕು ಸಲ ಮಾಡಿ ಮುಗಿಸುತ್ತಾರೆ.

ನಾನು ಈ ಊರಿನವಳಲ್ಲ. ಪಾವಗಡದ ಕಡೆ, ಬಲಸಮುದ್ರದ ಹತ್ತಿರದವಳು. ನಮ್ಮಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಮದುವೆಯಾಗಿ ಬಂದ ಹೊಸತರಲ್ಲಿ ನನ್ನ ಮಾತು ಕೇಳಿ ಇಲ್ಲಿ ನಕ್ಕವರೆಷ್ಟೋ ಜನ. ಅವರಿಗೆಲ್ಲ ನಾನು ಆಗಲೇ ತಕ್ಕ ಉತ್ತರ ಕೊಟ್ಟಿದ್ದೇನೆ, ಕೆಲವರಿಗೆ ತೆಲುಗಿನಲ್ಲಿ. ನಮ್ಮತ್ತೆ ಮಾತ್ರ ಒಂದು ದಿನವೂ ನಗಲಿಲ್ಲ. ನನ್ನನ್ನು ಅವರು ಹಿಡಿದು ನಿಲ್ಲಿಸಿದ್ದು ಬೇರೆಯದೇ ವಿಷಯಕ್ಕೆ.

ಅದು ನನ್ನ ಮೊದಲ ಯುಗಾದಿ. ಒಬ್ಬಟ್ಟಿನ ಸಾರು ಕುದಿಯುತ್ತಿತ್ತು. ಹೂರಣಕ್ಕೆ ಬೇಯಿಸಿದ ಬೇಳೆಯ ಕಟ್ಟು ಬಸಿದು, ಅದಕ್ಕೆ ಹುಣಸೆಹುಳಿ, ರುಬ್ಬಿದ ಖಾರ, ಒಂದು ಮುಷ್ಟಿ ಹೂರಣ ಕಲಸಿ ಕುದಿಸುವ ಆ ಸಾರಿನ ಮುಂದೆ ನಿಂತರೆ ಯಾರಿಗಾದರೂ ಕೈ ತಡೆಯುವುದಿಲ್ಲ. ನಾನು ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನೆಕ್ಕಿದೆ. ನಮ್ಮತ್ತೆ ನೋಡಿದರು. ಬೈಯಲಿಲ್ಲ. ಪಾತ್ರೆಗೆ ಬಟ್ಟೆ ಹಿಡಿದು ಇಳಿಸಿ, ಹಿತ್ತಲಿಗೆ ಹೊತ್ತುಕೊಂಡು ಹೋಗಿ ಅಷ್ಟೂ ಸಾರನ್ನು ಕಲಗಚ್ಚಿನ ಬಾನಿಗೆ ಸುರಿದು ಬಂದು, ಮತ್ತೆ ಬೇಳೆ ತೊಳೆಯತೊಡಗಿದರು. ಆ ವರ್ಷ ಯುಗಾದಿಯನ್ನು ಎಲ್ಲರಿಗಿಂತ ಮೊದಲು ಮಾಡಿದ್ದು ನಮ್ಮ ಎಮ್ಮೆ.

ಹಬ್ಬದ ಅಡುಗೆ ದೇವರಿಗೆ, ಹಿರಿಯರಿಗೆ ಎಡೆಯಾಗುವ ತನಕ ಯಾರ ನಾಲಗೆಗೂ ಸೋಕಬಾರದು. ಸೋಕಿದರೆ ಅದು ಎಂಜಲು. ಇದು ಎಷ್ಟೋ ಮನೆಗಳಲ್ಲಿ ಇದೆ, ಆದರೆ ನಮ್ಮತ್ತೆಯಷ್ಟು ಬಿಗಿಯಾಗಿ ಹಿಡಿದವರನ್ನು ನಾನು ಕಂಡಿಲ್ಲ. ನಮ್ಮಮ್ಮ ದೇವರಿಗೆ ಅಂತ ಒಂದು ಬಟ್ಟಲು ಮೊದಲೇ ಎತ್ತಿಟ್ಟು ಆಮೇಲೆ ಧಾರಾಳವಾಗಿ ರುಚಿ ನೋಡುತ್ತಿದ್ದಳು. ಅದನ್ನು ಇಲ್ಲಿ ಹೇಳಿದೆ. “ಉಪ್ಪು ಸಾಲ್ದೇ ಇರೋದು ದೇವ್ರಿಗೆ, ಸರಿ ಮಾಡಿದ್ದು ನಮ್ಗಾ?” ಎಂದರು ಅತ್ತೆ. ನಾನು ನನ್ನ ಎರಡೂ ಭಾಷೆಗಳನ್ನು ಮಡಚಿಟ್ಟು ಬೇಳೆ ಆರಿಸತೊಡಗಿದೆ.

ಹಾಗಾದರೆ ಉಪ್ಪು ಗೊತ್ತಾಗುವುದು ಹೇಗೆ? ಅವರು ಮೂಗಿನಿಂದ ನೋಡುತ್ತಿದ್ದರು. ಕುದಿಯುವ ಪಾತ್ರೆಯ ಮುಚ್ಚಳ ತೆಗೆದು, ಸೆರಗಿನಿಂದ ಹಬೆಯನ್ನು ತಮ್ಮ ಕಡೆಗೆ ಬೀಸಿಕೊಂಡು, ಒಂದು ಕ್ಷಣ ಕಣ್ಣು ಮುಚ್ಚಿ, ಆಮೇಲೆ ನಾಲ್ಕು ಹರಳು ಕಲ್ಲುಪ್ಪು ಹಾಕುತ್ತಿದ್ದರು, ಇಲ್ಲವೇ ಸುಮ್ಮನೆ ಮುಚ್ಚಳ ಮುಚ್ಚುತ್ತಿದ್ದರು. ಎಡೆಯಾಗಿ ಊಟಕ್ಕೆ ಕೂತರೆ ಒಂದು ಹರಳು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಉಪ್ಪಿನ ವಾಸನೆ ನಿನಗೆ ಬರುವುದಿಲ್ಲವಾ ಎಂದು ನನ್ನನ್ನೇ ಕೇಳುತ್ತಿದ್ದರು. ಇಪ್ಪತ್ತೈದು ವರ್ಷ ಪಕ್ಕದಲ್ಲಿ ನಿಂತು ಮೂಸಿದ್ದೇನೆ. ಹುಣಸೆ ಬರುತ್ತದೆ, ಜೀರಿಗೆ ಬರುತ್ತದೆ, ಒಗ್ಗರಣೆಯಂತೂ ಬೀದಿಯ ಕೊನೆಗೂ ಬರುತ್ತದೆ. ಉಪ್ಪು ಒಂದು ದಿನವೂ ಬಂದಿಲ್ಲ.

ತಮಾಷೆಯೆಂದರೆ ನಾನು ನಮ್ಮೂರ ಅಂಗನವಾಡಿಯ ಟೀಚರು. ಅಲ್ಲಿ ಮಕ್ಕಳಿಗೆ ಬಡಿಸುವ ಮೊದಲು ನಾನು ತಿಂದು ನೋಡಲೇಬೇಕು, ಅದು ನಿಯಮ. ಮನೆಯಲ್ಲಿ ಹಬ್ಬದ ದಿನ ತಿಂದು ನೋಡಲೇಬಾರದು, ಅದೂ ನಿಯಮ. ವರ್ಷವೆಲ್ಲ ಡ್ಯೂಟಿ ಮಾಡಿದ ನಾಲಗೆ ಹಬ್ಬಕ್ಕೆ ರಜೆ ಹಾಕುತ್ತಿತ್ತು. ಆ ಕೆಲಸಕ್ಕೆ ನಾನು ಅರ್ಜಿ ಹಾಕುತ್ತೇನೆಂದಾಗ ಮನೆಯಲ್ಲಿ ಎಲ್ಲರೂ ಹಿಂದೆ ಮುಂದೆ ನೋಡಿದ್ದರು. ಮಗಳಿಗೆ ಆಗಿನ್ನೂ ಹಾಲು ಬಿಡಿಸಿರಲಿಲ್ಲ. “ಓಗ್ಲಿ ಬುಡ್ರಪ್ಪ, ಕೂಸ್ನ ನಾನ್ ನೋಡ್ಕಂತೀನಿ” ಎಂದು ಅತ್ತೆ ಒಂದೇ ಮಾತಿನಲ್ಲಿ ಮುಗಿಸಿದರು. ಅಂದಿನಿಂದ ಮನೆಯ ಒಲೆ ಅವರದಾಯಿತು. ಇವತ್ತು ನಾಲ್ಕು ಜನ ನನ್ನನ್ನು ಟೀಚರಮ್ಮ ಅನ್ನುತ್ತಿದ್ದರೆ ಅದರಲ್ಲಿ ಮುಕ್ಕಾಲು ಪಾಲು ಅತ್ತೆಯದು. ಇದನ್ನು ಅವರೆದುರು ಹೇಳಿದರೆ “ಸುಮ್ಕಿರು” ಅನ್ನುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋದ ಸಂಕ್ರಾಂತಿಗೆ ಮುಂಚೆ ಅವರಿಗೆ ಜ್ವರ ಬಂತು. ವಾರ ಮಲಗಿ ಎದ್ದರು. ಎದ್ದ ಮೇಲೆ ಒಂದು ಬೆಳಿಗ್ಗೆ ಚಟ್ನಿಗೆಂದು ಕಡಲೆಕಾಯಿ ಬೀಜ ಹುರಿಯಲು ಕೂತಿದ್ದರು. ನಾನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಸೀದ ವಾಸನೆ ಅಂಗಳಕ್ಕೇ ಬಂತು. ಓಡಿ ಬಂದು ನೋಡಿದರೆ ಬಾಣಲೆಯಲ್ಲಿ ಬೀಜ ಕರ್ರಗಾಗಿ ಹೊಗೆಯಾಡುತ್ತಿದೆ, ಅತ್ತೆ ಬಾಗಿಲ ಕಡೆ ಮುಖ ಮಾಡಿಕೊಂಡು ಅದರ ಮುಂದೆಯೇ ಕೂತಿದ್ದಾರೆ. ಒಲೆ ಆರಿಸಿದೆ. ಅವರು ತಿರುಗಿ ಬಾಣಲೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಒಂದು ಕರಿಬೀಜ ತೆಗೆದು ಮೂಗಿನ ಹತ್ತಿರ ಹಿಡಿದು ಎಷ್ಟೋ ಹೊತ್ತು ಮೂಸಿದರು. ಜ್ವರ ಬಿಟ್ಟ ದಿನದಿಂದ ಯಾವ ವಾಸನೆಯೂ ಬರುತ್ತಿಲ್ಲ ಎಂದು ಆಗ ಹೇಳಿದರು.

ಶಿರಾದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಜ್ವರದ ನಂತರ ಕೆಲವರಿಗೆ ಹೀಗಾಗುತ್ತದೆ, ಬಂದರೆ ನಿಧಾನವಾಗಿ ಬರಬಹುದು, ಬರದೆಯೂ ಇರಬಹುದು ಎಂದರು. ಜೊತೆಗೆ ಬಿಪಿ ನೋಡಿ, ಉಪ್ಪು ಕಡಿಮೆ ಮಾಡಿ ಎಂದರು. ಈ ಮಾತು ಕೊರಟಗೆರೆಯಲ್ಲಿರುವ ನನ್ನ ನಾದಿನಿಗೆ ತಲುಪಿತು. ಅಲ್ಲಿ ಕೂತು ಫೋನಿನಲ್ಲೇ ನನ್ನ ಒಲೆಯ ಉರಿ ಸಣ್ಣ ಮಾಡುವ ಶಕ್ತಿ ಅವಳಿಗಿದೆ. ಅವ್ವನಿಗೆ ಉಪ್ಪು ಬೇಡ, ಹುಳಿ ಬೇಡ, ಖಾರ ಬೇಡ ಎಂದಳು. ಅವಳಿಗೆ ತಾಯಿಯ ಮೇಲೆ ಜೀವ, ನನಗೂ ಭಯ. ಅಂದಿನಿಂದ ಅತ್ತೆಗೆ ಬೇರೆ ಪಾತ್ರೆಯಲ್ಲಿ ಗಂಜಿ, ಸಪ್ಪೆ ಬೇಳೆ, ಮೆತ್ತನೆಯ ಅನ್ನ.

ಅವರು ತುತ್ತು ಬಾಯಿಗಿಟ್ಟು ಕೂತುಬಿಡುತ್ತಿದ್ದರು. ಒತ್ತಾಯ ಮಾಡಿದರೆ “ಮಣ್ ತಿಂದಂಗಾಯ್ತದೆ ಕಣಮ್ಮ, ಸಾಕು” ಅನ್ನುತ್ತಿದ್ದರು. ಮೊದಲೇ ಹಕ್ಕಿಯಂಥ ಜೀವ. ರವಿಕೆಗಳು ಸಡಿಲವಾದವು. ನಾನು ಒಳಹೊಲಿಗೆ ಹಾಕಿಕೊಟ್ಟೆ. ಸ್ವಲ್ಪ ದಿನಕ್ಕೆ ಇನ್ನೊಂದು ಹೊಲಿಗೆ ಹಾಕಬೇಕಾಯಿತು. ಆ ಎರಡನೆಯ ಹೊಲಿಗೆ ಹಾಕುವಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಅಡುಗೆಮನೆಯ ಹೊಸಿಲನ್ನು ಅವರು ದಾಟುವುದನ್ನೇ ಬಿಟ್ಟಿದ್ದರು.

ಶಿವರಾತ್ರಿ ಕಳೆಯಿತು. ಜಗಲಿಯ ಮೇಲೆ ಕಾಲು ಚಾಚಿ ಕೂತರು, ಆದರೆ ತೊಗರಿಯ ಮಾತಿಲ್ಲ, ಬೆಲ್ಲದ ಮಾತಿಲ್ಲ. ನಾಲ್ಕೈದು ದಿನ ಕಾದು ನೋಡಿ ನಾನೇ ಶುರು ಮಾಡಿದೆ. ಸಂಜೆ ಗಂಡನನ್ನು ಕೂರಿಸಿಕೊಂಡೆ, ತುಮಕೂರಿನಲ್ಲಿ ಓದುತ್ತಿರುವ ಮಗಳನ್ನೂ ನಾದಿನಿಯನ್ನೂ ಫೋನಿನಲ್ಲಿ ಸೇರಿಸಿದೆ, ಫೋನನ್ನು ಅತ್ತೆಯ ಪಕ್ಕದಲ್ಲೇ ಇಟ್ಟೆ. ನನ್ನ ಗಂಡ ಕೆಟ್ಟವರಲ್ಲ, ಆದರೆ ಕಷ್ಟಕ್ಕೆಲ್ಲ ಶಿರಾ ಪೇಟೆಯಲ್ಲಿ ಔಷಧಿ ಇದೆ ಎಂದು ನಂಬಿದವರು. ಶಿರಾದಲ್ಲಿ ಈಗ ಒಬ್ಬಟ್ಟು ಮಾಡಿ ಮಾರುವ ಅಂಗಡಿ ಇದೆಯಂತೆ, ಕಾವಲಿಯಿಂದ ತೆಗೆದು ಬಿಸಿಬಿಸಿ ಡಬ್ಬಿಗೆ ಹಾಕಿ ಕೊಡುತ್ತಾರಂತೆ, ಈ ಸಲ ಅಲ್ಲಿಂದಲೇ ತಂದುಬಿಡೋಣ, ನಿನಗೂ ಕೆಲಸ ಹಗುರ ಎಂದರು.

ನಾನು ಅತ್ತೆಯ ಕಡೆ ನೋಡಿದೆ. ಹಬ್ಬಕ್ಕೆ ಅಂಗಡಿಯ ಹಪ್ಪಳವನ್ನೂ ಒಳಗೆ ಬಿಡದ ಹೆಂಗಸು. ಈಗ ಏಳುತ್ತದೆ ಜಗಳ ಎಂದು ಕಾದೆ.

“ತರ್ಲಿ ಬುಡು. ಯಾವ್ದಾದ್ರೇನು” ಎಂದರು ಅತ್ತೆ.

ಅವರು ಬೈದಿದ್ದರೆ ನನಗೆ ನೆಮ್ಮದಿಯಾಗಿರುತ್ತಿತ್ತು. ಆ ಮಾತು ಕೇಳಿ ಭಯಕ್ಕೇ ಸಿಟ್ಟು ಬಂತು. ಆ ಸಿಟ್ಟನ್ನೆಲ್ಲ ಗಂಡನ ಮೇಲೆ ತೀರಿಸಿಕೊಂಡೆ. ಈ ಮನೆಗೆ ಅಂಗಡಿಯ ಒಬ್ಬಟ್ಟು ಬರುವ ದಿನ ನಾನು ಬಲಸಮುದ್ರದ ಬಸ್ಸು ಹತ್ತುತ್ತೇನೆ ಎಂದೆ. ಅವರು ಪಾಪ, ಹಾಗಲ್ಲ ಕಣೇ ಎಂದು ಟವೆಲ್ಲು ಹೆಗಲಿಗೆ ಹಾಕಿಕೊಂಡರು.

ಫೋನಿನಿಂದ ಮಗಳು ಕೇಳಿದಳು, ಅಜ್ಜಿಗೆ ಯಾವ ಅಡುಗೆ ಇಷ್ಟ, ಅದನ್ನೇ ಮಾಡೋಣ ಎಂದು. ನಾದಿನಿ ಪಾಯಸ ಎಂದಳು, ಆಮೇಲೆ ಅದು ಅಪ್ಪನಿಗೆ ಇಷ್ಟವಾಗಿದ್ದದ್ದು ಎಂದು ತಾನೇ ತಿದ್ದಿಕೊಂಡಳು. ಅವ್ವ ಎಲ್ಲಾ ತಿನ್ನುತ್ತಾಳೆ ಎಂದರು ನನ್ನ ಗಂಡ. ಅವರು ಏನೇನು ಚೆನ್ನಾಗಿ ಮಾಡುತ್ತಾರೆ ಎಂದು ಕೇಳಿದ್ದರೆ ನಾವೆಲ್ಲ ರಾತ್ರಿಯಾಗುವವರೆಗೆ ಹೇಳುತ್ತಿದ್ದೆವು. ಏನು ಇಷ್ಟಪಟ್ಟು ತಿನ್ನುತ್ತಾರೆ ಎಂದು ಯಾರೂ ನೋಡಿರಲಿಲ್ಲ. ಅತ್ತೆಯನ್ನೇ ಕೇಳಿದರೆ ಮತ್ತೆ ಅದೇ, ಯಾವುದಾದರೇನು ಎಂದರು.

ಆಮೇಲೆ ನನಗೆ ನೆನಪಾಯಿತು. ಹಬ್ಬದ ದಿನ ಎಲ್ಲರದೂ ಮುಗಿದ ಮೇಲೆ ಅವರು ಒಬ್ಬಟ್ಟನ್ನು ಅರ್ಧ ಮುರಿದು ಅಲ್ಲೇ ಇಟ್ಟು, ಅನ್ನಕ್ಕೆ ಒಬ್ಬಟ್ಟಿನ ಸಾರು ಸುರಿದುಕೊಂಡು ಉಣ್ಣುತ್ತಿದ್ದರು. ಮಾರನೆಯ ದಿನ ಉಳಿದ ಸಾರನ್ನು ಮತ್ತೆ ಕುದಿಸಿ ಉಣ್ಣುತ್ತಿದ್ದರು. ಪಾತ್ರೆಯ ಅಂಚಿನಲ್ಲಿ ಗಟ್ಟಿಯಾಗಿ ಹತ್ತಿದ್ದನ್ನೂ ಅನ್ನದಲ್ಲಿ ಒರೆಸಿ ಉಣ್ಣುತ್ತಿದ್ದರು. ಹಾಗಾಗಿ ನಾನು ತೀರ್ಮಾನ ಮಾಡಿದೆ: ಉಳಿದದ್ದು ಹೇಗಾದರೂ ಆಗಲಿ, ಸಾರು ಮಾತ್ರ ಅವರು ಮಾಡಿದ ಹಾಗೇ ಆಗಬೇಕು, ಮತ್ತು ಆ ಒಂದು ದಿನ ಪಥ್ಯ ಇಲ್ಲ, ಅವರು ಎಲ್ಲರ ಜೊತೆ ಎಲೆಗೆ ಕೂತು ಹೊಟ್ಟೆ ತುಂಬ ಉಣ್ಣಬೇಕು. ನಾದಿನಿ ಬಿಪಿ ಎಂದಳು. ಒಂದು ದಿನಕ್ಕೆ ಏನೂ ಆಗುವುದಿಲ್ಲ, ಹೀಗೇ ಉಣ್ಣದಿದ್ದರೆ ಬಿಪಿ ಇರುವುದಕ್ಕೆ ಮನುಷ್ಯರೇ ಇರುವುದಿಲ್ಲ ಎಂದೆ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡೆ. ಆದರೆ ಅವಳು ಒಪ್ಪಿದಳು. ಹಿಂದಿನ ದಿನವೇ ಬಂದು ಒಬ್ಬಟ್ಟು ತಟ್ಟುವ ಕೆಲಸ ತನ್ನದು ಎಂದಳು.

ಬೇಳೆಯನ್ನು ಗಂಡ ಪರಿಚಯದವರ ಹೊಲದಿಂದ ತಂದರು, ಬೆಲ್ಲ ಮಧುಗಿರಿಯಿಂದ ಬಂತು, ಮಗಳೂ ನಾದಿನಿ ಗಂಡ ಹೆಂಡತಿಯೂ ಹಿಂದಿನ ದಿನವೇ ಬಂದರು. ಹಬ್ಬದ ದಿನ ಎಣ್ಣೆನೀರು ಹಾಕಿಕೊಂಡು, ಬಾಗಿಲಿಗೆ ಮಾವಿನ ಸೊಪ್ಪು ಕಟ್ಟಿ, ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು ಕೆಲಸಕ್ಕೆ ಇಳಿದೆವು. ಅತ್ತೆಗೂ ಬೇವು ಬೆಲ್ಲ ಕೊಟ್ಟೆ. ಅವರ ಮುಖ ಒಂದಿಷ್ಟು ಕಿವುಚಿತು. ಅಷ್ಟು ವರ್ಷದ ಅಭ್ಯಾಸ, ಮುಖ ತಾನೇ ಕಿವುಚುತ್ತದೆ ಎಂದುಕೊಂಡೆ. ಅವರು ಜಗಲಿಗೆ ಹೋಗಿ ಕೂತರು. ನಾದಿನಿ ಒಳಗೆ ಬಾ ಅವ್ವ ಎಂದು ಕರೆದಳು. “ನಾನ್ ಬಂದ್ ಏನ್ ಮಾಡ್ಲಿ? ಮೂಗೇ ಇಲ್ಲ” ಎಂದರು.

ನಾನು ಕಟ್ಟು ಬಸಿದೆ. ಹಸಿರು ಮೆಣಸಿನಕಾಯಿ, ಕೊಬ್ಬರಿ, ಜೀರಿಗೆ, ಬೆಳ್ಳುಳ್ಳಿ ಹುರಿದು ರುಬ್ಬಿದೆ. ಹುಣಸೆ ಕಿವುಚಿ ಹಾಕಿದೆ. ದೊಡ್ಡ ಪಾತ್ರೆಯ ತುಂಬ ಸಾರು, ಏಕೆಂದರೆ ನಾವು ಉಣ್ಣುವುದಲ್ಲದೆ ಅಕ್ಕಪಕ್ಕದ ಮನೆಗಳಿಗೂ ಕೊಡುವ ಪದ್ಧತಿ. ಎಲ್ಲವೂ ಆಯಿತು, ಉಪ್ಪಿಗೆ ಬಂತು. ಸೆರಗಿನಿಂದ ಹಬೆ ಬೀಸಿಕೊಂಡು ಕಣ್ಣು ಮುಚ್ಚಿದೆ. ಬೆಳ್ಳುಳ್ಳಿ ಬಂತು. ಕೈಯಲ್ಲಿ ಸೌಟಿತ್ತು, ಅಡುಗೆಮನೆಯಲ್ಲಿ ಆ ಕ್ಷಣ ಯಾರೂ ಇರಲಿಲ್ಲ, ಒಂದು ಹನಿ ನೆಕ್ಕಿದ್ದರೆ ಜಗತ್ತಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಗಲಿಲ್ಲ ನನ್ನ ಕೈಲಿ. ಯಾವ ಹೆಂಗಸು ಸೊಸೆಗೆ ಒಂದು ಮಾತೂ ಬೈಯದೆ ಅಷ್ಟು ಸಾರನ್ನು ಎಮ್ಮೆಗೆ ಸುರಿದಳೋ, ಅವಳಿಗೆ ಮೂಗು ಹೋದ ಹೊತ್ತಿನಲ್ಲಿ ನಾನು ಕದ್ದು ನೆಕ್ಕುವುದೇ?

ಜಗಲಿಯ ಕಡೆ ಮುಖ ಮಾಡಿ ಕೂಗಿ ಕೇಳಿದೆ, ಉಪ್ಪು ಎಷ್ಟು ಹಾಕಲಿ ಎಂದು. ಅವರು ತಿರುಗಲೂ ಇಲ್ಲ. ಯಾವ ಪಾತ್ರೆ ಎಂದು ಮಾತ್ರ ಕೇಳಿ, “ಒಂದೂವರೆ ಹಿಡಿ” ಎಂದರು. ನಾನು ದೇವರನ್ನು ನೆನೆದು ಉಪ್ಪಿನ ಭರಣಿಗೆ ಕೈ ಹಾಕಿ, ಒಂದು ಹಿಡಿ, ಆಮೇಲೆ ಅರ್ಧ ಹಿಡಿ, ಅಳತೆ ತಪ್ಪದಂತೆ ಹಾಕಿದೆ.

ದೇವರ ಮುಂದೆ ಎಡೆಯಾಯಿತು, ಮಾವನವರ ಫೋಟೋದ ಮುಂದೆ ಎಡೆಯಾಯಿತು. ನಡುಮನೆಯಲ್ಲಿ ಎಲೆ ಹಾಕಿದೆ. ಅತ್ತೆಯನ್ನು ಕೈ ಹಿಡಿದು ಕರೆತಂದು ಗಂಡನ ಪಕ್ಕ ಕೂರಿಸಿದೆ. ಯಾವತ್ತೂ ಕೊನೆಗೆ ಉಣ್ಣುವವರು, ಎಲ್ಲರ ಸಾಲಿನಲ್ಲಿ ಕೂರಲು ಸಂಕೋಚಪಟ್ಟರು. ಕೋಸಂಬರಿ, ಪಲ್ಯ, ಚಿತ್ರಾನ್ನ, ಆಂಬೊಡೆ, ಒಬ್ಬಟ್ಟು, ತುಪ್ಪ. ಅವರು ಎಲ್ಲದರ ತುದಿ ಮುಟ್ಟಿ ಮುಟ್ಟಿ, ಬಾಯಿಗಿಡದೆ ಬಿಟ್ಟರು. ನಾನು ಅನ್ನ ಹಾಕಿ ಸಾರು ಬಡಿಸುತ್ತಾ ಬಂದೆ.

ಮೊದಲು ಉಂಡವರು ನಾದಿನಿಯ ಗಂಡ. ತುತ್ತು ಬಾಯಿಗಿಟ್ಟವರು ನುಂಗಿ, ಸದ್ದಿಲ್ಲದೆ ಲೋಟ ಎತ್ತಿ ನೀರು ಕುಡಿದರು. ನನ್ನ ಗಂಡ ಉಂಡರು, ಇನ್ನಷ್ಟು ಅನ್ನ ಹಾಕು ಎಂದರು, ತುಪ್ಪ ಹಾಕು ಎಂದರು. ಮಗಳು ಬಾಯಿ ತೆರೆದಳು, ಅಪ್ಪ ಮೊಣಕಾಲಿನಿಂದ ತಿವಿದರು, ಮುಚ್ಚಿಕೊಂಡಳು. ನಾದಿನಿ ನನ್ನ ಮುಖವನ್ನೂ ನೋಡಲಿಲ್ಲ. ನನಗೆ ಅರ್ಥವಾಯಿತು. ಏನೋ ಕೆಟ್ಟಿದೆ, ಹಬ್ಬದ ದಿನ ನನ್ನ ಮನಸ್ಸು ನೋಯಬಾರದೆಂದು ಎಲ್ಲರೂ ಕಷ್ಟಪಟ್ಟು ನುಂಗುತ್ತಿದ್ದಾರೆ. ಆ ಒಳ್ಳೆಯತನ ಕಂಡು ನನಗೆ ನೆಲದಲ್ಲಿ ಇಳಿದುಹೋಗಬೇಕು ಅನ್ನಿಸಿತು.

ಅಷ್ಟರಲ್ಲಿ ಅತ್ತೆ ಒಂದು ಸಣ್ಣ ತುತ್ತು ಕಲಸಿ ಬಾಯಿಗಿಟ್ಟರು. ಅಗಿಯುತ್ತಿದ್ದವರು ನಿಲ್ಲಿಸಿದರು. ಎಲೆಯನ್ನೇ ನೋಡುತ್ತಿದ್ದರು. ಇನ್ನೊಂದು ತುತ್ತು, ಈ ಸಲ ದೊಡ್ಡದು, ಸಾರು ಹೆಚ್ಚು ಸೇರಿಸಿ ಇಟ್ಟುಕೊಂಡರು.

“ಉಪ್ಪು ಜಾಸ್ತಿ ಆಗೈತೆ” ಎಂದರು.

ಅವರು ಮೂರನೆಯ ತುತ್ತು ಬಾಯಿಗಿಟ್ಟು, ತಲೆ ಎತ್ತಿ, ನನ್ನನ್ನು ಹುಡುಕಿ ನೋಡಿದರು. ಕಣ್ಣಲ್ಲಿ ನೀರು ಆಡುತ್ತಿತ್ತು. “ನಂಗೊತ್ತಾಯ್ತೈತೆ ಕಣಮ್ಮ. ಉಪ್ಪು ಗೊತ್ತಾಯ್ತೈತೆ. ಉಳೀನೂ ಗೊತ್ತಾಯ್ತೈತೆ.”

ನಾದಿನಿ ಅಲ್ಲೇ ಅತ್ತುಬಿಟ್ಟಳು. ನಾನು ಸೌಟು ಹಿಡಿದು ನಿಂತೇ ಇದ್ದೆ. ಜ್ವರ ಬಿಟ್ಟಾಗಿನಿಂದ ನಾವೆಲ್ಲ ಸೇರಿ ಪ್ರೀತಿಯಿಂದ, ಭಯದಿಂದ ಅವರಿಗೆ ಸಪ್ಪೆ ಗಂಜಿ ಕೊಟ್ಟಿದ್ದೆವು. ಮೂಗು ಹೋಗಿತ್ತು, ನಾಲಗೆ ಹೋಗಿರಲಿಲ್ಲ. ಅದು ಇದ್ದಲ್ಲೇ ಇತ್ತು. ನಾವು ಅದಕ್ಕೆ ಹೇಳಲು ಏನನ್ನೂ ಕೊಟ್ಟಿರಲಿಲ್ಲ ಅಷ್ಟೇ.

ಅತ್ತೆಗೆ ಈಗ ಮಾತು ಬಂದಿತ್ತು. ಇಷ್ಟು ಜನ ಕೂತಿದ್ದೀರಿ, ಉಪ್ಪು ನೀರು ಕುಡಿದಂತಿದೆ, ಒಬ್ಬರಿಗಾದರೂ ಬಾಯಿ ಬಿಡಲು ಆಗಲಿಲ್ಲವಾ ಎಂದು ಮಗನನ್ನೂ ಅಳಿಯನನ್ನೂ ತರಾಟೆಗೆ ತೆಗೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ ಎಷ್ಟು ಹಾಕಿದೆ ಎಂದರು. ನೀವು ಹೇಳಿದಷ್ಟೇ, ಒಂದೂವರೆ ಹಿಡಿ ಎಂದು ನನ್ನ ಮುಷ್ಟಿ ತೋರಿಸಿದೆ. ಅವರು ತಮ್ಮ ಎಡಗೈ ಮುಷ್ಟಿಯನ್ನು ಅದರ ಪಕ್ಕ ತಂದರು. ನನ್ನದರಲ್ಲಿ ಅವರದು ಎರಡು ಕೂರುತ್ತಿತ್ತು. ಪಾವಗಡದ ಕೈ, ಕಡಲೆಗಿಡ ಕಿತ್ತು ಬೆಳೆದ ಕೈ. ಇಪ್ಪತ್ತೈದು ವರ್ಷ ಒಂದೇ ಭರಣಿಯಲ್ಲಿ ಕೈ ಹಾಕಿದ್ದೇವೆ, ಇದು ಇಬ್ಬರಿಗೂ ಹೊಳೆದಿರಲಿಲ್ಲ. ಮೊದಲು ನಕ್ಕವರು ಅವರೇ.

“ಇನ್ನೊಸಿ ಬುಡು” ಎಂದು ಎಲೆ ತೋರಿಸಿದರು. ನಾದಿನಿ ಈ ಸಲ ಬಿಪಿ ಎನ್ನಲಿಲ್ಲ. ನಾನು ಅನ್ನವನ್ನೇ ಜಾಸ್ತಿ ಹಾಕಿ ಸಾರು ಸ್ವಲ್ಪ ಬಿಟ್ಟೆ. ಅವರು ಅದನ್ನು ಎಲೆಯಲ್ಲಿ ಒಂದು ಅಗುಳೂ ಬಿಡದಂತೆ ಉಂಡರು. ಎದ್ದು ಕೈ ತೊಳೆದವರು ಜಗಲಿಗೆ ಹೋಗಲಿಲ್ಲ, ನೇರ ಅಡುಗೆಮನೆಗೆ ಬಂದರು. ಎಡೆ ಆಗಿದೆಯಲ್ಲ, ಇನ್ನು ನಾಲಗೆಗೆ ಅಡ್ಡಿಯಿಲ್ಲ ಎಂದು ಬಿಸಿನೀರು, ಬೆಂದ ಬೇಳೆ, ಬೆಲ್ಲ ಹಾಕಿಸಿ, ಅಂಗೈಗೆ ಬಿಟ್ಟುಕೊಂಡು ಬಿಟ್ಟುಕೊಂಡು ನೋಡಿ, ಸಾರನ್ನು ದಾರಿಗೆ ತಂದರು. ಅಕ್ಕಪಕ್ಕದ ಮನೆಗಳಿಗೆ ಹೋದದ್ದು ಆ ಸಾರು. ಚೆನ್ನಾಗಿದೆ ಎಂದು ಎಲ್ಲರೂ ಹೇಳಿದರು, ನಾನು ಮರ್ಯಾದೆಯಿಂದ ಒಪ್ಪಿಕೊಂಡೆ.

ಮಾರನೆಯ ದಿನ ಹೊಸತೊಡಕು. ಹಿಂದಿನ ದಿನ ಸಿಹಿ, ಇವತ್ತು ಬಾಡು. ನಮ್ಮ ಕಡೆ ನಾಲ್ಕಾರು ಮನೆಯವರು ಸೇರಿ ಆಡು ಕೊಯ್ದು, ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುತ್ತಾರೆ. ಬೆಳಿಗ್ಗೆಯೇ ಗಂಡ ನಮ್ಮ ಪಾಲು ತಂದು ಕೊಟ್ಟರು. ನಮ್ಮ ಮನೆಯಲ್ಲಿ ಬಾಡನ್ನು ಎಡೆಗೆ ಇಡುವುದಿಲ್ಲ. ದೇವರಕೋಣೆಯ ಬಾಗಿಲು ಹಾಕಿ ಒಲೆ ಹೊತ್ತಿಸುತ್ತೇವೆ. ಅಂದರೆ ಆ ದಿನ ಯಾವ ಪಾತ್ರೆಯಲ್ಲಿ ಯಾರು ಎಷ್ಟು ಸಲ ರುಚಿ ನೋಡಿದರೂ ಕೇಳುವವರಿಲ್ಲ.

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅತ್ತೆ ಹೊಸಿಲು ದಾಟಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಲೆಯ ಮುಂದೆ ನಿಂತರು. ಸಂಕ್ರಾಂತಿಗೆ ಮುಂಚೆ ನೋಡಿದ್ದೆ ಆ ನಿಲುವನ್ನು. ಮಸಾಲೆ ಹುರಿದರು, ನಾನು ರುಬ್ಬಿದೆ. ಬಾಡು ಬೆಂದು ಸಾರು ಕುದಿ ಬಂದಾಗ ಅವರು ಅಭ್ಯಾಸದಂತೆ ಸೆರಗಿನಿಂದ ಹಬೆ ಬೀಸಿಕೊಂಡು ಕಣ್ಣು ಮುಚ್ಚಿದರು. ನಿಂತರು. ಕೈ ನಿಧಾನವಾಗಿ ಕೆಳಗೆ ಬಂತು. ಅಲ್ಲಿ ಏನೂ ಬಂದಿರಲಿಲ್ಲ. ಈಗ ಸೌಟು ಕೆಳಗಿಟ್ಟು ಮತ್ತೆ ಜಗಲಿಗೆ ಹೋಗುತ್ತಾರೆ ಎಂದುಕೊಂಡೆ.

ಅವರು ಸೌಟಿನಿಂದ ಅಂಗೈಗೆ ಸಾರು ಬಿಟ್ಟುಕೊಂಡು ನೆಕ್ಕಿದರು. ನಾಲ್ಕು ಹರಳು ಉಪ್ಪು ಹಾಕಿದರು, ತಮ್ಮ ಕೈಯಲ್ಲಿ. ಆಮೇಲೆ ಪಕ್ಕಕ್ಕೆ ಸರಿದು ನನ್ನನ್ನು ಪಾತ್ರೆಯ ಮುಂದಕ್ಕೆ ಎಳೆದರು.

“ಬಾ ಇಲ್ಲಿ. ಉಪ್ಪು ಖಾರ ನಾನ್ ನೋಡಿವ್ನಿ. ಘಮ ಹೆಂಗೈತೆ, ನೀನೇಳು.”

ನಾನು ಬಗ್ಗಿ ಮೂಸಿದೆ. ಚೆನ್ನಾಗಿದೆ ಎಂದೆ. ಚೆನ್ನಾಗಿದೆ ಅಂದರೆ ನನಗೇನು ತಿಳಿಯುತ್ತದೆ, ಬಿಡಿಸಿ ಹೇಳು ಎಂದರು. ಇಷ್ಟು ವರ್ಷ ಅಡುಗೆ ಮಾಡಿದ್ದೇನೆ, ವಾಸನೆಯನ್ನು ಬಾಯಿಬಿಟ್ಟು ಹೇಳು ಎಂದು ಯಾರೂ ನನ್ನನ್ನು ಕೇಳಿರಲಿಲ್ಲ. ಮತ್ತೆ ಮೂಸಿ, ತೋಚಿದಂತೆ ಹೇಳುತ್ತಾ ಹೋದೆ. ಲವಂಗ ಮೊದಲು ಬರುತ್ತದೆ, ಅದರ ಹಿಂದೆ ಧನಿಯಾ. ಕೊಬ್ಬರಿ ಹುರಿದದ್ದು ಗೊತ್ತಾಗುತ್ತದೆ, ಸೀದಿಲ್ಲ. ಈರುಳ್ಳಿಯ ಹಸಿ ವಾಸನೆ ಹೋಗಿದೆ, ಬೆಳ್ಳುಳ್ಳಿಯದು ಇನ್ನೂ ಸ್ವಲ್ಪ ಇದೆ. ಬಾಡು ಬೆಂದ ವಾಸನೆ ಬಂದಿದೆ, ಆದರೆ ಮಸಾಲೆಯೂ ಅದೂ ಇನ್ನೂ ಬೇರೆ ಬೇರೆ ನಿಂತಿವೆ, ಒಂದಾಗಿಲ್ಲ.

ಅತ್ತೆ ಕಣ್ಣು ಮುಚ್ಚಿಕೊಂಡು, ಹಬೆಯನ್ನು ಹೇಗೆ ಮೂಸುತ್ತಿದ್ದರೋ ಹಾಗೆ, ನನ್ನ ಮಾತನ್ನು ಕೇಳುತ್ತಿದ್ದರು. ನಾನು ಮುಗಿಸಿದ ಮೇಲೆ ತಲೆಯಾಡಿಸಿದರು.

“ಊಂ. ಅಂಗಾದ್ರೆ ಇನ್ನೊಂದ್ ಕುದಿ ಬರ್ಲಿ” ಎಂದು ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ, ಮುದ್ದೆಗೆ ಎಸರಿಡಲು ಹೇಳಿದರು.